ಹಿರಿಯಳಿಯನ ಪ್ಯಾನೆಲ್ ಕೀಲಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರನ್ನು ಎಲ್ಲರೂ ಫ್ಯೂಸಣ್ಣ ಎಂದೇ ಕರೆಯುತ್ತಾರೆ. ಅವರು ಅಲ್ಲಿಯ ಎಲೆಕ್ಟ್ರಿಷಿಯನ್ ಎಂಬುದು ನಿಜವಾದರೂ ಹೆಸರು ಬಂದದ್ದು ಕೆಲಸದಿಂದಲ್ಲ, ಯಾರನ್ನಾದರೂ ಅವರೆದುರು ಹೊಗಳಿದರೆ ಫ್ಯೂಸ್ ಹಾರಿದ ಮನೆಯ ಹಾಗೆ ಮುಖ ಕತ್ತಲಾಗುವುದರಿಂದ ಎಂಬುದು ಅವರ ಹೆಂಡತಿಯ ವಿವರಣೆ. ಫ್ಯೂಸಣ್ಣನವರ ಬದುಕಿನ ಕಥೆಯನ್ನು ಕೇಳಲು ಅವರ ಮನೆಯಲ್ಲಿ ಕುಳಿತಾಗಲೆಲ್ಲ ಹೇಳುವ ಕೆಲಸವನ್ನು ಆಕೆಯೇ ವಹಿಸಿಕೊಂಡರು. ಎದುರಿನ ಬೆಂಚಿನ ಮೇಲೆ ಕುಳಿತು, ಯಾವುದೋ ಹಳೆಯ ಸ್ವಿಚ್ಚಿನ ತಿರುಪು ಬಿಚ್ಚುತ್ತ, ಆಗಾಗ ತಿದ್ದುಪಡಿ ಹಾಕುವುದಷ್ಟೇ ಕಥಾನಾಯಕರ ಪಾಲಿಗೆ ಉಳಿಯಿತು.

“ಬರ್ಕೊಳ್ಳಿ, ಇವರಿಗೆ ಹೊಟ್ಟೆಕಿಚ್ಚು ಹುಟ್ಟಿನಿಂದ ಬಂದದ್ದು,” ಎಂದು ಆಕೆ ಆರಂಭಿಸಿದರು. “ತೊಟ್ಟಿಲಲ್ಲಿದ್ದಾಗ ಪಕ್ಕದ ಮನೆ ಮಗು ಅತ್ತರೆ ಇವರು ಅದಕ್ಕಿಂತ ಜೋರಾಗಿ ಅಳ್ತಿದ್ರಂತೆ.”

“ನೀನು ನೋಡಿದ್ಯಾ?”

“ನಿಮ್ಮಮ್ಮನೇ ಹೇಳಿದ್ದು.”

“ಹಾಗಾದ್ರೆ ಅದು ಹಸಿವು. ಹೊಟ್ಟೆಕಿಚ್ಚಲ್ಲ. ತಿದ್ದಿ ಅದನ್ನ.”

ಓದು ತಲೆಗೆ ಹತ್ತದೆ ಹೋದಾಗ ಅವರು ಸೋದರಮಾವನ ಮೋಟರ್ ಅಂಗಡಿ ಸೇರಿದರು. ಸುಟ್ಟ ಮೋಟರಿನ ಹೊಟ್ಟೆ ಬಗೆದು, ಕರಕಲಾದ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಬಳಿದು ಒಣಗಿಸುವುದು ಅಲ್ಲಿಯ ಕೆಲಸ. ಮಾವನ ಮಗನೂ ಅದೇ ವಯಸ್ಸಿನವನು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು ಸುತ್ತುತ್ತಿದ್ದರು. “ಮಾವ ನನ್ನ ಕಾಯಿಲ್ ನೋಡಿ ‘ಹ್ಞೂಂ’ ಅಂತಿದ್ರು. ಮಗನದ್ದು ನೋಡಿ ‘ಹ್ಞಾಂ!’ ಅಂತಿದ್ರು,” ಎಂದು ಫ್ಯೂಸಣ್ಣ ಬೆಂಚಿನಿಂದಲೇ ನೆನಪಿಸಿಕೊಂಡರು. ಆ ‘ಹ್ಞೂಂ’ ಮತ್ತು ‘ಹ್ಞಾಂ’ಗಳ ನಡುವಿನ ಅಂತರವನ್ನು ತುಂಬುವುದಕ್ಕೆಂದೇ ಅವರು ಊರಿನ ಬೇರಾರಿಗೂ ಬಾರದಷ್ಟು ಒತ್ತಾಗಿ, ನೇರವಾಗಿ ತಂತಿ ಸುತ್ತುವುದನ್ನು ಕಲಿತರು. ಮಾವ ಮಾತ್ರ ಕೊನೆಯವರೆಗೂ ‘ಹ್ಞೂಂ’ ಎಂದೇ ಹೇಳಿ ತೀರಿಕೊಂಡರು.

ಮುಂದೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಒಮ್ಮೆ ಕ್ಯಾಂಟೀನಿನಲ್ಲಿ ಹಿಟ್ಟು ನಾದುವ ಯಂತ್ರ ನಿಂತುಹೋಗಿ ಅವರನ್ನು ಕರೆಸಿದರು. ಯಂತ್ರ ಸರಿಮಾಡಿದ ಮೇಲೆ ನೆಲದ ಮೇಲೆ ಬಿದ್ದಿದ್ದ ತಂತಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ, ಗ್ರೀಸಿನ ಕಲೆಯನ್ನು ಬಟ್ಟೆಯಿಂದ ಒರೆಸಿ ಹೊರಟ ಹುಡುಗನನ್ನು ಮುಖ್ಯ ಅಡುಗೆಯವರು ಕಣ್ಣಿಟ್ಟು ನೋಡಿದರು. ಅವರು ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ ಹೆಂಗಸು. ಅಡುಗೆಮನೆಯಲ್ಲಿ ಅವರು ಸೌಟು ಎತ್ತಿದ್ದೇ ಕಾನೂನು. ಹಿರಿಯ ಮಗಳನ್ನು ಆ ಹುಡುಗನಿಗೇ ಕೊಟ್ಟರು. ಮದುವೆಯಾದ ಮೇಲೆ ಅಡುಗೆಮನೆಯ ಮುಖ್ಯ ಪ್ಯಾನೆಲ್ಲಿನ ಕೀಲಿಯನ್ನೂ ಅಳಿಯನ ಕೈಗಿತ್ತು, “ಇನ್ನು ಈ ಮನೆ ಬೆಳಕು ನಿಮ್ಮ ಜವಾಬ್ದಾರಿ” ಎಂದರು.

ಆ ಕೀಲಿ ಮೂರು ಮೂಲೆಯ, ಮೊಂಡು ಮೂತಿಯ, ಹೆಬ್ಬೆರಳುದ್ದದ ವಸ್ತು. ಅದನ್ನು ಫ್ಯೂಸಣ್ಣ ಸೊಂಟದ ಕೀಲಿಗೊಂಚಲಿನಲ್ಲಿ ಎಲ್ಲಕ್ಕಿಂತ ಹೊರಗೆ, ನಡೆದರೆ ಸದ್ದಾಗುವಂತೆ ಸಿಕ್ಕಿಸಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ಅತ್ತೆಗೆ ಇದ್ದದ್ದು ಒಬ್ಬನೇ ಅಳಿಯ. ಫ್ಯೂಸಣ್ಣನವರ ಬದುಕಿನ ನೆಮ್ಮದಿಯ ಕಾಲ ಅದು ಎಂಬ ಬಗ್ಗೆ ಗಂಡಹೆಂಡಿರಿಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ.

ಆಮೇಲೆ ನಾದಿನಿಯ ಮದುವೆಯಾಯಿತು.

ಕಿರಿಯಳಿಯ ಬೆಂಕಿ ನಂದಿಸುವ ಸಲಕರಣೆ ಕೂರಿಸುವ ಕಂಪನಿಯೊಂದರ ಮೇಸ್ತ್ರಿ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕೆಂಪು ಉಪಕರಣದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಅದರ ಅರೆಗಳು ಮೆಟ್ಟಿಲುಮೆಟ್ಟಿಲಾಗಿ ತಾವೇ ತೆರೆದುಕೊಳ್ಳುತ್ತಿದ್ದವು. ಫ್ಯೂಸಣ್ಣನವರ ಉಪಕರಣಗಳಿದ್ದದ್ದು ಹೊಲಿಗೆ ಬಿಟ್ಟ ಕ್ಯಾನ್ವಾಸ್ ಚೀಲದಲ್ಲಿ. ಅತ್ತೆಯ ಮನೆಯ ಜಗಲಿಯಲ್ಲಿ ಪೆಟ್ಟಿಗೆಯೂ ಚೀಲವೂ ಅಕ್ಕಪಕ್ಕ ಕೂತ ದಿನ ಅವರು ಊಟಕ್ಕೆ ಏಳಲಿಲ್ಲ.

“ಅಮ್ಮ ಇವರನ್ನ ‘ನೀವು, ತಾವು’ ಅಂತಿದ್ಲು. ತಂಗಿ ಗಂಡನ್ನ ‘ಬಾರೋ ಮಗಾ, ತಿನ್ನೋ ಮಗಾ’ ಅಂತಿದ್ಲು,” ಎಂದರು ಹೆಂಡತಿ. “ಮರ್ಯಾದೆ ಕೊಟ್ರೆ ಸಂತೋಷಪಡಬೇಕಲ್ವಾ? ಇವರು ಅದಕ್ಕೂ ಉರ್ಕೊಂಡ್ರು.”

“ಮರ್ಯಾದೆ ಅತಿಥಿಗೆ ಕೊಡ್ತಾರೆ ಕಣೆ. ಪ್ರೀತಿ ಮನೆಯವನಿಗೆ ಕೊಡ್ತಾರೆ. ವ್ಯತ್ಯಾಸ ಗೊತ್ತಿಲ್ದಷ್ಟು ಪೆದ್ದನಾ ನಾನು?”

ಷಡ್ಡಕರಿಬ್ಬರ ನಡುವೆ ಜಗಳವೆಂಬುದು ಯಾವತ್ತೂ ಆಗಲಿಲ್ಲ. ಜಗಳಕ್ಕೆ ಎರಡನೆಯವರೂ ಬೇಕು. ಕಿರಿಯಳಿಯ “ಅಣ್ಣಾ” ಎಂದು ಕರೆಯುವುದನ್ನು ಬಿಡಲಿಲ್ಲ. ಫ್ಯೂಸಣ್ಣ ಮಾತ್ರ ಅವರ ಹೆಸರನ್ನೇ ಎತ್ತದೆ ‘ಸಿಲಿಂಡರ್ ಸಾಹೇಬ್ರು’ ಎಂದು ಕರೆದರು. ಅಡುಗೆಮನೆಯವರೂ ಅದನ್ನೇ ಹಿಡಿದುಕೊಂಡರು.

ಹೀಗಿರುವಾಗ ಕ್ಯಾಂಟೀನಿನಲ್ಲಿ ಎಣ್ಣೆಗೆ ಬೆಂಕಿ ಹತ್ತಿತು. ಕರೆಂಟಿನಿಂದ ಕಾಯುವ ದೊಡ್ಡ ಫ್ರೈಯರ್ ಒಂದು ಮಿತಿಮೀರಿ ಕಾದು ಜ್ವಾಲೆ ಮೇಲಿನ ಹೊಗೆಗೂಡಿನವರೆಗೆ ಏರಿತು. ಅಡುಗೆಯವರು ಮುಚ್ಚಳ ಮುಚ್ಚಿ ಬೆಂಕಿಯನ್ನು ನಂದಿಸಿದರು. ಆದರೆ ಕೆಳಗೆ ಕರೆಂಟ್ ಹರಿಯುತ್ತಲೇ ಇದ್ದುದರಿಂದ ಮುಚ್ಚಳ ತೆಗೆದೊಡನೆ ಎಣ್ಣೆ ಮತ್ತೆ ಹೊತ್ತಿಕೊಂಡಿತು. ಯಾರಿಗೂ ಗಾಯವಾಗಲಿಲ್ಲ. ಅತ್ತೆಯ ಹುಬ್ಬು ಮಾತ್ರ ಅರ್ಧ ಸುಟ್ಟಿತು. ತಾನಾಗಿ ಬೆಂಕಿ ನಂದಿಸುವ ವ್ಯವಸ್ಥೆ ಕೂರಿಸಿ, ಅಗ್ನಿಶಾಮಕ ಅಧಿಕಾರಿ ಪರೀಕ್ಷಿಸಿ ಒಪ್ಪುವವರೆಗೆ ಅಡುಗೆಮನೆ ತೆರೆಯಕೂಡದೆಂದು ಕಾರ್ಖಾನೆಯವರು ಬೀಗ ಹಾಕಿದರು. ಕೂರಿಸುವ ಕೆಲಸ ಸಿಕ್ಕಿದ್ದು ಕಿರಿಯಳಿಯನ ಕಂಪನಿಗೆ.

ಇದರ ಜೊತೆಗೆ ಕ್ಯಾಂಟೀನ್ ಮ್ಯಾನೇಜರು ಅತ್ತೆಗೆ ಇನ್ನೊಂದು ಮಾತು ಹೇಳಿದ್ದರು: “ಅಮ್ಮಾ, ಇನ್ಮೇಲೆ ಪ್ಯಾನೆಲ್ಲು, ಬೆಂಕಿ ನಂದಿಸೋ ಡಬ್ಬಿ ಎರಡನ್ನೂ ಒಬ್ಬರೇ ನೋಡ್ಕೋಬೇಕು. ಕೀಲಿ ಯಾರ ಹತ್ರ ಇರಬೇಕು ಅಂತ ಪರೀಕ್ಷೆ ಮುಗಿದ ಮೇಲೆ ನೀವೇ ಹೇಳಿಬಿಡಿ. ಇಬ್ಬರೂ ನಿಮ್ಮ ಅಳಿಯಂದಿರೇ, ನನಗ್ಯಾಕೆ ಉಸಾಬರಿ.”

ಈ ಮಾತು ಕಿವಿಗೆ ಬಿದ್ದಂದಿನಿಂದ ಫ್ಯೂಸಣ್ಣನವರ ಕೈ ಸೊಂಟದ ಗೊಂಚಲನ್ನು ಬಿಟ್ಟು ಕದಲಲಿಲ್ಲ.

ಮುಂದೆ ನಡೆದದ್ದು ತಿಳಿಯಬೇಕಾದರೆ ಆ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹೇಳಬೇಕು. ಹೊಗೆಗೂಡಿನೊಳಗೆ ಎಳೆದು ಕಟ್ಟಿದ ಒಂದು ಉಕ್ಕಿನ ತಂತಿಯಿರುತ್ತದೆ. ಕಾವು ಏರಿದರೆ ಅದರ ನಡುವಿನ ಬೆಸುಗೆ ಕರಗಿ ತಂತಿ ಸಡಿಲವಾಗುತ್ತದೆ. ಆಗ ಗೋಡೆಗೆ ಕೂರಿಸಿದ ಕೆಂಪು ಡಬ್ಬಿಯೊಳಗೆ ಬಿಗಿದಿಟ್ಟ ಸ್ಪ್ರಿಂಗ್ ಚಿಮ್ಮಿ ಸಿಲಿಂಡರಿನ ಬಾಯಿ ತೆರೆದು, ಬೆಂಕಿಯ ಮೇಲೆ ದ್ರಾವಣ ಸುರಿಯುತ್ತದೆ. ಅದೇ ಸ್ಪ್ರಿಂಗ್ ಒಂದು ಚಿಕ್ಕ ಸ್ವಿಚ್ಚನ್ನೂ ತಿರುಗಿಸುತ್ತದೆ. ಅಲ್ಲಿಂದ ಹೊರಟ ವೈರು ಪ್ಯಾನೆಲ್ಲಿಗೆ ಬಂದು, ಫ್ರೈಯರುಗಳ ಕರೆಂಟನ್ನು ಕಡಿಯುವ ಬ್ರೇಕರಿನ ಮಗ್ಗುಲಲ್ಲಿ ಕೂತಿರುವ ಶಂಟ್ ಟ್ರಿಪ್ ಎಂಬ ಪುಟ್ಟ ಕಾಯಿಲ್ಲಿಗೆ ಸೇರುತ್ತದೆ. ಆ ಕಾಯಿಲ್ಲಿಗೆ ಉಳಿದ ದಿನವೆಲ್ಲ ಕೆಲಸವಿಲ್ಲ. ಅದಕ್ಕೆ ಕರೆಂಟ್ ಮುಟ್ಟಿದ ಕ್ಷಣ ಬ್ರೇಕರನ್ನು ಒದ್ದು ಕೆಡವುತ್ತದೆ, ಫ್ರೈಯರುಗಳು ಆರುತ್ತವೆ. ಹೊಗೆ ಎಳೆಯುವ ಫ್ಯಾನು ಮಾತ್ರ ಬೇರೆ ಬ್ರೇಕರಿನಲ್ಲಿದ್ದು ತಿರುಗುತ್ತಲೇ ಇರುತ್ತದೆ.

ಅಂದರೆ ಕೆಂಪು ಡಬ್ಬಿ ಕಿರಿಯಳಿಯನದು, ಪ್ಯಾನೆಲ್ ಹಿರಿಯಳಿಯನದು, ನಡುವಿನ ಎರಡು ವೈರು ಇಬ್ಬರದೂ. ಈ ಕಸುಬಿನ ರೂಢಿಯಂತೆ ಎಲೆಕ್ಟ್ರಿಷಿಯನ್ ವೈರನ್ನು ಕೆಂಪು ಡಬ್ಬಿಯವರೆಗೆ ಎಳೆದು ತಂದು, ಬೆಂಕಿಯವನನ್ನು ಕರೆದು, ಅವನು ಸ್ಪ್ರಿಂಗನ್ನು ಬಿಗಿದು ತೋರಿಸಿದ ಮೇಲೆ ಜೋಡಿಸಬೇಕು. ಸ್ಪ್ರಿಂಗ್ ಬಿಗಿಯುವ ಸನ್ನೆಕೋಲು ಕೆಂಪು ಪೆಟ್ಟಿಗೆಯ ಎರಡನೆಯ ಅರೆಯಲ್ಲಿತ್ತು.

“ಅದನ್ನ ಕೊಡಪ್ಪಾ ಅಂತ ಅವನ ಹತ್ರ ಕೈ ಚಾಚಬೇಕಿತ್ತು,” ಎಂದರು ಹೆಂಡತಿ. “ಇವರು ಚಾಚ್ತಾರಾ? ಸತ್ರೂ ಇಲ್ಲ.”

ಫ್ಯೂಸಣ್ಣ ಸ್ವಿಚ್ಚಿನ ಇನ್ನೊಂದು ತಿರುಪಿಗೆ ಕೈ ಹಾಕಿದರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕಿರಿಯಳಿಯ ಊಟಕ್ಕೆ ಹೋದಾಗ ಫ್ಯೂಸಣ್ಣ ಕೆಂಪು ಡಬ್ಬಿಯ ಮುಂದೆ ನಿಂತರು. ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿಟ್ಟಿತ್ತು. ಸ್ಪ್ರಿಂಗ್ ಬಿಗಿದಿದೆಯೋ ಬಿಟ್ಟಿದೆಯೋ ಎಂದು ತೋರಿಸುವ ಗುರುತಿರುವುದು ಆ ಮುಚ್ಚಳದ ಕಿಟಕಿಯಲ್ಲಿ. ಕೆಲಸ ನಡೆಯುವಾಗ ಅಪಾಯವಾಗದಿರಲೆಂದು ಕಿರಿಯಳಿಯ ಸ್ಪ್ರಿಂಗನ್ನು ಬಿಟ್ಟೇ ಇಟ್ಟಿದ್ದರು. ಅಂದರೆ ಬೆಂಕಿ ಬಿದ್ದಾಗ ಡಬ್ಬಿ ಹೇಗಿರುತ್ತದೆಯೋ ಆ ಸ್ಥಿತಿಯಲ್ಲೇ ಅದು ಇತ್ತು. ಫ್ಯೂಸಣ್ಣ ಅದನ್ನು ದಿನನಿತ್ಯದ ಸ್ಥಿತಿ ಎಂದುಕೊಂಡರು. ಎರಡು ತುದಿ ಕೂಡಿದ್ದರೆ ಸದ್ದು ಮಾಡುವ ಮೀಟರನ್ನು ಸ್ವಿಚ್ಚಿಗೆ ಇಟ್ಟು, ಸದ್ದಾಗದ ಜೋಡಿಯನ್ನು ಹುಡುಕಿ, ‘ಈಗ ಬಿಟ್ಟುಕೊಂಡಿರೋದು ಬೆಂಕಿ ಬಿದ್ದಾಗ ಕೂಡುತ್ತೆ’ ಎಂದು ಲೆಕ್ಕ ಹಾಕಿ, ಎರಡೂ ವೈರುಗಳನ್ನು ಅಲ್ಲಿಗೇ ಬಿಗಿದರು. ಕೈಕೆಲಸದಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ತಂತಿಯ ಒಂದೆಳೆಯೂ ಹೊರಗೆ ಇಣುಕದಂತೆ, ಮಾವನಿಂದ ಇವತ್ತಾದರೂ ‘ಹ್ಞಾಂ’ ಎನ್ನಿಸಿಕೊಳ್ಳುವವರಂತೆ ಜೋಡಿಸಿದ್ದರು.

ಊಟ ಮುಗಿಸಿ ಬಂದ ಕಿರಿಯಳಿಯ ವೈರನ್ನು ನೋಡಿ ತಲೆ ಕೆರೆದುಕೊಂಡರು. “ಅಣ್ಣಾ, ಜೋಡಿಸುವಾಗ ಕರೀರಿ ಅಂದಿದ್ದೆ ಅಲ್ವಾ?”

“ಎರಡು ವೈರ್ ಸಿಕ್ಸೋಕೆ ಮೆರವಣಿಗೆ ಬರಬೇಕಿತ್ತಾ? ನನ್ನ ಕೆಲಸ ಮುಗೀತು. ಬಾಕಿ ಇರೋದು ನಿಮ್ಮದೇ, ಸಿಲಿಂಡರ್ ಸಾಹೇಬ್ರೇ.”

ಅತ್ತೆ ಅಲ್ಲೇ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದರು. ಮಾತು ಅವರ ಕಿವಿಗೆ ಬೀಳಲೆಂದೇ ಆಡಿದ್ದು. ಕಿರಿಯಳಿಯ ಒಮ್ಮೆ ಅತ್ತೆಯತ್ತ, ಒಮ್ಮೆ ಷಡ್ಡಕನತ್ತ ನೋಡಿದರು. ಹಿರಿಯನ ಕೆಲಸವನ್ನು ಅತ್ತೆಯೆದುರು ಬಿಚ್ಚಿ ನೋಡುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನೆ ಮುಚ್ಚಳ ಹಾಕಿದರು.

ಮರುದಿನ ಅಧಿಕಾರಿ ಬಂದರು. ಮ್ಯಾನೇಜರು, ಅಡುಗೆಯವರು, ಪಾತ್ರೆ ತೊಳೆಯುವವರು ಎಲ್ಲರೂ ಗೋಡೆಗೆ ಒತ್ತಿ ನಿಂತರು. ಅತ್ತೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅರ್ಧ ಹುಬ್ಬಿನಲ್ಲೇ ಎಲ್ಲರನ್ನೂ ಗದರಿಸುತ್ತ ಮುಂದೆ ನಿಂತಿದ್ದರು. ಫ್ಯೂಸಣ್ಣ ಬ್ರೇಕರನ್ನು ಏರಿಸಿದರು. ಫ್ರೈಯರುಗಳ ದೀಪ ಹತ್ತಿತು. ಪರೀಕ್ಷೆಗೆಂದು ಸಿಲಿಂಡರನ್ನು ಬೇರ್ಪಡಿಸಿಟ್ಟು, ಕಿರಿಯಳಿಯ ಕೆಂಪು ಪೆಟ್ಟಿಗೆಯಿಂದ ಸನ್ನೆಕೋಲು ತೆಗೆದು ಸ್ಪ್ರಿಂಗನ್ನು ಬಿಗಿದರು.

ಟಕ್ಕೆಂದು ಬ್ರೇಕರ್ ಬಿತ್ತು. ದೀಪಗಳೆಲ್ಲ ಆರಿದವು.

ಏರಿಸಿದರೆ ಮತ್ತೆ ಬಿತ್ತು. ಇನ್ನೊಮ್ಮೆ ಏರಿಸಿದರೆ ಕೈ ತೆಗೆಯುವ ಮೊದಲೇ ಬಿತ್ತು.

“ಏನ್ರೀ ಇದು?” ಎಂದರು ಅಧಿಕಾರಿ. “ಬೆಂಕಿ ನಂದಿಸೋ ಸಿಸ್ಟಮ್ಮೋ, ಒಲೆ ನಂದಿಸೋ ಸಿಸ್ಟಮ್ಮೋ?”

ಪಾತ್ರೆ ತೊಳೆಯುವವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಸಿಲಿಂಡರ್ ಸಾಹೇಬ್ರು ಕೈ ಇಟ್ಟ ತಕ್ಷಣ ನಮ್ಮ ಕರೆಂಟೇ ಹೆದರಿ ಓಡೋಯ್ತು!”

ಫ್ಯೂಸಣ್ಣನವರ ಮುಖದಲ್ಲಿ ಆಗ ಹತ್ತಿದ ಬೆಳಕನ್ನು ತಾನು ಮದುವೆಯ ದಿನವೂ ಕಂಡಿರಲಿಲ್ಲವೆಂದು ಅವರ ಹೆಂಡತಿ ಹೇಳುತ್ತಾರೆ. ತಾಯಿಗೆ ನೆರವಾಗಲೆಂದು ಆಕೆಯೂ ಅಲ್ಲಿದ್ದರು. ಫ್ಯೂಸಣ್ಣ ಎರಡೂ ಕೈಗಳನ್ನು ಹಿಂದೆ ಕಟ್ಟಿ, “ಹೊಸ ಕಂಪನಿಗಳ ಮಾಲು ಸಾರ್. ಹೊರಗಿನಿಂದ ನೋಡೋಕೆ ಕೆಂಪಗೆ ಚೆನ್ನಾಗಿರುತ್ತೆ,” ಎಂದರು.

ಕಿರಿಯಳಿಯ ಸ್ಪ್ರಿಂಗನ್ನು ಬಿಟ್ಟರು. “ಅಣ್ಣಾ, ಈಗ ಏರಿಸಿ.” ಬ್ರೇಕರ್ ನಿಂತಿತು. ಮತ್ತೆ ಬಿಗಿದರು, ಬಿತ್ತು. ಮತ್ತೆ ಬಿಟ್ಟರು, ಏರಿಸಿದರೆ ನಿಂತಿತು.

ಹಿಂದೆ ಕಟ್ಟಿದ ಫ್ಯೂಸಣ್ಣನವರ ಕೈಗಳು ಸಡಿಲಾದವು. ಸ್ವಿಚ್ಚಿನಲ್ಲಿ ವೈರು ತಿರುವುಮುರುವಾಗಿದೆ. ದಿನವಿಡೀ ಬೀಳುವ ಬ್ರೇಕರು ಬೆಂಕಿ ಬಿದ್ದಾಗ ಮಾತ್ರ ಗಟ್ಟಿಯಾಗಿ ನಿಂತು ಎಣ್ಣೆ ಕಾಯಿಸುತ್ತದೆ. ಆ ವೈರನ್ನು ಬಿಗಿದದ್ದು ತಮ್ಮದೇ ಕೈ. ಕಿರಿಯಳಿಯನಿಗೂ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಷಡ್ಡಕರಿಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿದರು.

ಆಮೇಲೆ ಕಿರಿಯಳಿಯ ಅಧಿಕಾರಿಯತ್ತ ತಿರುಗಿ, “ನನ್ನ ತಪ್ಪು ಸಾರ್,” ಎಂದರು. “ಸ್ವಿಚ್ಚಲ್ಲಿ ವೈರ್ ಅದಲುಬದಲಾಗಿದೆ. ನನ್ನ ಡಬ್ಬಿ, ನಾನು ನೋಡ್ಕೋಬೇಕಿತ್ತು.”

ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಅತ್ತೆ ಕಿರಿಯಳಿಯನನ್ನು ನೋಡಿದರು. ಬೈಗುಳವಿಲ್ಲದ, ಮರುಕ ತುಂಬಿದ, ‘ಪಾಪ, ಎಷ್ಟು ನೇರ ನನ್ನ ಮಗ’ ಎನ್ನುವ ನೋಟ. ಅದನ್ನು ಫ್ಯೂಸಣ್ಣ ಪ್ಯಾನೆಲ್ಲಿನ ಬಳಿಯಿಂದ ಕಂಡರು. ಮೆಟ್ಟಿಲು ಪೆಟ್ಟಿಗೆಯನ್ನು ಸಹಿಸಿದ್ದರು, ಇಸ್ತ್ರಿಯ ಅಂಗಿಯನ್ನು ಸಹಿಸಿದ್ದರು. ತಮ್ಮ ತಪ್ಪನ್ನು ಹೊತ್ತುಕೊಂಡು ಆ ಮನುಷ್ಯ ಅತ್ತೆಯ ಆ ನೋಟವನ್ನೂ ಗಿಟ್ಟಿಸಿಕೊಂಡು ಹೋಗುವುದನ್ನು ಸಹಿಸಲು ಅವರಿಂದಾಗಲಿಲ್ಲ.

“ಏಯ್! ಯಾರ ತಪ್ಪನ್ನ ಯಾರು ಒಪ್ಕೊಳ್ತಾ ಇರೋದು?” ಎಂದು ಅವರು ಕೂಗಿದ ಸದ್ದಿಗೆ ಹೊರಗಿನ ಅಂಗಳದಲ್ಲಿದ್ದವರೂ ಇಣುಕಿದರು. “ಆ ವೈರ್ ಹಾಕಿದ್ದು ನಾನು ಸಾರ್! ಆ ಜೋಡಣೆ ನೋಡಿ, ಅಷ್ಟು ನೀಟಾಗಿ ಇವರಿಗೆ ಬರುತ್ತಾ? ತಪ್ಪು ನನ್ನದು!”

“ಇರಲಿ ಬಿಡಿ ಅಣ್ಣಾ—”

“ಇರಲಿ ಅನ್ನೋಕೆ ನೀನ್ಯಾರೋ? ಪ್ಯಾನೆಲ್ ಮೇಲೆ ಕಣ್ಣು ಹಾಕ್ದೆ, ಅತ್ತೆ ಮನೇಲಿ ಕುರ್ಚಿ ಹಿಡ್ದೆ, ಈಗ ನನ್ನ ತಪ್ಪನ್ನೂ ಕಿತ್ಕೊಳ್ತೀಯಾ?”

ಅಧಿಕಾರಿ ಟೋಪಿ ತೆಗೆದು ತಲೆ ಒರೆಸಿಕೊಂಡರು. “ನನ್ನ ಸರ್ವೀಸಲ್ಲಿ ತಪ್ಪಿಗೆ ಜಗಳ ಆಡೋರನ್ನ ಇವತ್ತೇ ನೋಡಿದ್ದು. ಯಾರಾದ್ರೂ ಸರಿ, ಬೇಗ ಸರಿಮಾಡ್ರಪ್ಪ.”

ಸರಿಮಾಡಲು ಇಬ್ಬರೂ ಬೇಕಾಯಿತು. ಕಿರಿಯಳಿಯ ಸನ್ನೆಕೋಲನ್ನು ತಾವೇ ಚಾಚಿ ಹಿಡಿದರು. ಫ್ಯೂಸಣ್ಣ ಅದನ್ನು ತೆಗೆದುಕೊಂಡು, ಬಿಗಿಯುವುದು ಹೇಗೆಂದು ಕೇಳದೆ, ಅತ್ತಿತ್ತ ತಿರುಗಿಸುತ್ತ ನಿಂತರು. “ಎಡಕ್ಕೆ ಅಣ್ಣಾ,” ಎಂದಿತು ಮೆದು ದನಿ. “ಗೊತ್ತು,” ಎಂದು ಎಡಕ್ಕೆ ತಿರುಗಿಸಿದರು. ಸ್ಪ್ರಿಂಗ್ ಬಿಗಿದ ಮೇಲೆ ಪ್ಯಾನೆಲ್ಲಿನ ಮೂಲ ಸ್ವಿಚ್ ಇಳಿಸಿ ಬಂದು, ಮೀಟರ್ ಇಟ್ಟು ನೋಡಿ, ಒಂದು ವೈರನ್ನು ಪಕ್ಕದ ಟರ್ಮಿನಲ್ಲಿಗೆ ಸರಿಸಿದರು. ಈ ಸಲ ಏರಿಸಿದಾಗ ಬ್ರೇಕರ್ ನಿಂತಿತು. ಬೆಂಕಿ ಕಂಡರೆ ಕೈಯಿಂದಲೂ ಎಳೆಯಲೆಂದು ಗೋಡೆಗೆ ಕೂರಿಸಿದ್ದ ಹಿಡಿಯನ್ನು ಅಧಿಕಾರಿ ತಾವೇ ಎಳೆದರು. ಡಬ್ಬಿಯೊಳಗೆ ಸ್ಪ್ರಿಂಗ್ ಚಿಮ್ಮಿತು, ಬ್ರೇಕರ್ ಬಿತ್ತು, ಫ್ರೈಯರುಗಳ ದೀಪ ಆರಿತು. ಮೇಲೆ ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು. ಅಡುಗೆಮನೆ ತೆರೆಯಲು ಒಪ್ಪಿಗೆ ಸಿಕ್ಕಿತು.

ಉಳಿದದ್ದು ಕೀಲಿಯ ಮಾತು. ಮ್ಯಾನೇಜರು ಅತ್ತೆಯ ಮುಖ ನೋಡಿದರು. ಅತ್ತೆ ಕೈ ಚಾಚಿದರು. ಫ್ಯೂಸಣ್ಣ ಗೊಂಚಲಿನಿಂದ ಮೊಂಡು ಕೀಲಿಯನ್ನು ಬಿಡಿಸಲು ಹೆಣಗುತ್ತ ನಿಂತದ್ದನ್ನು ಹೇಳುವಾಗ ಅವರ ಹೆಂಡತಿಯ ನಗು ಕ್ಷಣಕಾಲ ನಿಂತಿತು. “ಉಂಗುರ ಬಿಚ್ಚೋಕೆ ಕಷ್ಟಪಟ್ಟ ಹಾಗೆ ಮಾಡಿದ್ರು, ಪಾಪ,” ಎಂದರು. ಕಿರಿಯಳಿಯನೂ ಕೆಂಪು ಡಬ್ಬಿಯ ಕೀಲಿಯನ್ನು ಅತ್ತೆಯ ಕೈಯಲ್ಲಿಟ್ಟರು.

ಅತ್ತೆ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದರು. ಪ್ಯಾನೆಲ್ಲಿನ ಕೀಲಿಯನ್ನು ಕಿರಿಯಳಿಯನಿಗೆ ಕೊಟ್ಟರು. ಫ್ಯೂಸಣ್ಣ ಒಂದು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ಕೆಂಪು ಡಬ್ಬಿಯ ಕೀಲಿಯನ್ನು ಅವರ ಕೈಗೆ ತುರುಕಿದರು.

“ಅಳಿಯಂದಿರೇ,” ಎಂದರು ಹಿರಿಯನಿಗೆ, “ಪ್ಯಾನೆಲ್ ಕೆಲಸ ನಿಮ್ಮದೇ. ಆದ್ರೆ ತೆಗೀಬೇಕಂದ್ರೆ ಅವನನ್ನ ಕರೀಬೇಕು. ಲೋ ಮಗಾ, ಡಬ್ಬಿ ಕೆಲಸ ನಿಂದೇ. ತೆಗೀಬೇಕಂದ್ರೆ ಇವರನ್ನ ಕರೀಬೇಕು. ಕರೆಯದೆ ಕೆಲಸ ಮಾಡಿದ್ದಕ್ಕೇ ಇವತ್ತು ನನ್ನ ಅಡುಗೆಮನೆ ನಗೆಪಾಟಲಾದದ್ದು.”

“ಅಮ್ಮಾ, ಒಬ್ಬರೇ ಅಂದಿದ್ದೆ...” ಎಂದರು ಮ್ಯಾನೇಜರು.

“ಅರ್ಜೆಂಟಿಗೆ ಬ್ರೇಕರ್ ಹಿಡಿ ಹೊರಗಡೇನೇ ಇದೆ, ಯಾರು ಬೇಕಾದ್ರೂ ಇಳಿಸ್ತಾರೆ. ಬಾಗಿಲು ತೆಗೆಯೋಕೆ ಇಬ್ಬರೂ ಇರಲಿ. ಸರಿ, ಎಲ್ಲರೂ ಹೊರಡಿ, ಎಣ್ಣೆ ಇಡಬೇಕು.”

ಆ ಏರ್ಪಾಡು ಇಂದಿಗೂ ಮುರಿದಿಲ್ಲ. ಅತ್ತೆಗೆ ಈಗ ಸೌಟು ಎತ್ತಲಾಗುವುದಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತೇ ಅಡುಗೆಮನೆಯನ್ನು ಆಳುತ್ತಾರೆ, ಡಬ್ಬಿಗಳನ್ನು ತೆರೆಯುವ ದಿನ ಬಂದವರಿಗೆ ತಾವೇ ಚಹಾ ಬಗ್ಗಿಸುತ್ತಾರೆ. ಷಡ್ಡಕರಿಬ್ಬರೂ ಒಟ್ಟಿಗೆ ಬಂದು, ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ತೆರೆದುಕೊಟ್ಟು, ಮಾತು ಕಡಿಮೆ ಮಾಡಿ, ಕೆಲಸ ಮುಗಿಸಿ ಹೋಗುತ್ತಾರೆ. ಇದರಿಂದ ಫ್ಯೂಸಣ್ಣನವರ ಹೊಟ್ಟೆಕಿಚ್ಚು ತಗ್ಗಿತೇ ಎಂದು ಕೇಳಿದ್ದಕ್ಕೆ ಅವರ ಹೆಂಡತಿ, “ಎಲ್ಲಿಂದ? ಆ ಬೆಂಕಿಗೆ ಯಾವ ಸಿಲಿಂಡರೂ ಸಾಲಲ್ಲ,” ಎಂದರು.

ಫ್ಯೂಸಣ್ಣ ಸ್ವಿಚ್ಚನ್ನು ಕೆಳಗಿಟ್ಟು ಗೊಂಚಲನ್ನು ಎತ್ತಿ ತೋರಿಸಿದರು. “ನೀವೇ ನ್ಯಾಯ ಹೇಳಿ. ಅವನಿಗೆ ಕೊಟ್ಟ ಕೀಲಿಗೆ ಅತ್ತೆ ಹಸಿರು ದಾರ ಕಟ್ಟಿಕೊಟ್ಟಿದ್ದಾರೆ. ನನ್ನದಕ್ಕೆ ನೋಡಿ, ಬರೀ ತಂತಿ.”

“ನಿಮಗೂ ದಾರಾನೇ ಕಟ್ಟಿದ್ಲು ಕಣ್ರೀ. ಅದು ಹರಿದ ಮೇಲೆ ತಂತಿ ಹಾಕ್ಕೊಂಡಿದ್ದು ನೀವೇ.”

“ಅವನ ದಾರ ಯಾಕೆ ಹರೀಲಿಲ್ಲ? ಗಟ್ಟಿ ದಾರ ನೋಡಿ ಕೊಟ್ಟಿದ್ದಾರೆ!”

ಆಗ ಫೋನು ಸದ್ದು ಮಾಡಿತು. ಹೆಂಡತಿ ಎತ್ತಿ ಕೇಳಿ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು: “ಅವನೇ. ಸಿಲಿಂಡರ್ ತೂಕ ನೋಡೋ ದಿನವಂತೆ, ಡಬ್ಬಿ ತೆಗೀಬೇಕಂತೆ. ಅಣ್ಣ ನಿಧಾನಕ್ಕೆ ಬರಲಿ, ಅವಸರ ಇಲ್ಲ ಅಂತಿದ್ದಾನೆ.”

“ಎಲ್ಲಿದ್ದಾನಂತೆ ಈಗ?”

“ಮನೆಯಿಂದ ಹೊರಡ್ತಿದ್ದಾನಂತೆ.”

ಫ್ಯೂಸಣ್ಣ ಎದ್ದು, ಬಿಚ್ಚಿಟ್ಟ ತಿರುಪುಗಳನ್ನು ಹಾಗೆಯೇ ಬಿಟ್ಟು, ಒಂದೇ ಚಪ್ಪಲಿಗೆ ಕಾಲು ತೂರಿಸಿ ಇನ್ನೊಂದನ್ನು ಹುಡುಕತೊಡಗಿದರು. “ಅವಸರ ಇಲ್ಲವಂತೆ! ಅವನು ಮೊದಲು ಹೋದ್ರೆ ಅತ್ತೆ ಅವನಿಗೇ ಮೊದಲ ಲೋಟ ಬಗ್ಗಿಸ್ತಾರೆ,” ಎನ್ನುತ್ತ ಸೈಕಲ್ ಹತ್ತಿದರು. ತಂತಿಯಲ್ಲಿ ಸಿಕ್ಕಿಸಿದ ಕೀಲಿಯ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.